ಆಡು ಪಾಸು ಮಾಡಿದ ಗಂಟು

"ನಿಮ್ಮ ಪೆಂಡಾಲದ ಚಾಚಾ ಹೋದನಂತಲ್ಲೋ ತಮ್ಮಾ? ಛಲೋ ಮನಿಷ್ಯಾ ಇದ್ದ ಬಿಡು. ಗಂಟ ಹಾಕಾಕ ಒಂದ ಬರ್ತಿದ್ದಿಲ್ಲ."

ಲಕ್ಷ್ಮೇಶ್ವರದ ಬಜಾರದಲ್ಲಿ, ತನ್ನ ಕಿರಾಣಿ ಅಂಗಡಿಯ ಗಾದಿಯ ಮೇಲೆ ಕುಳಿತು ಅಡಕೆ ಕತ್ತರಿಸುತ್ತ ಒಬ್ಬ ಸಾವಕಾರ ನನಗೆ ಈ ಮಾತು ಹೇಳಿದ. ಚಾಚಾನನ್ನು ಮಣ್ಣು ಮಾಡಿ ಇನ್ನೂ ತಿಂಗಳಾಗಿರಲಿಲ್ಲ. ಬೇರೆ ಯಾರಾದರೂ ಅಂದಿದ್ದರೆ ಒಂದು ಬೈಗುಳ ಬೈದು ಮುಂದೆ ಹೋಗುತ್ತಿದ್ದೆ. ಆದರೆ ಈ ಭೂಮಿಯ ಮೇಲೆ ಆ ಮಾತಾಡುವ ಹಕ್ಕು ಇಲ್ಲದ ಮನುಷ್ಯ ಒಬ್ಬನೇ ಇದ್ದಾನೆ, ಅವನೇ ಈ ಸಾವಕಾರ. ಯಾಕೆ ಅನ್ನುವುದನ್ನು ಹೇಳುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ.

ಹೆಸರು ಮಾತ್ರ ಯಾರದೂ ಬರೆಯುವುದಿಲ್ಲ. ಚಾಚಾನಿಗೆ ಹೆಸರು ಹೇಳಿಸಿಕೊಳ್ಳುವುದು ಆಗುತ್ತಲೇ ಇರಲಿಲ್ಲ. ನನ್ನದು ಮೈಕ್ ಸೆಟ್ಟಿನ ಧಂದೆ. ಒಂದು ಮದುವೆಯಲ್ಲಿ ಅಡುಗೆಯವರ ಹೆಸರು, ವಾಲಗದವರ ಹೆಸರು ಮೈಕಿನಲ್ಲಿ ಹೇಳುತ್ತ, "ಪೆಂಡಾಲದ ವ್ಯವಸ್ಥೆ ಬೆಟಗೇರಿಯ..." ಅನ್ನುವಷ್ಟರಲ್ಲಿ ಮೈಕು ಸತ್ತಿತು. ತಿರುಗಿ ನೋಡಿದರೆ ಚಾಚಾ ಕೈಯಲ್ಲಿ ನನ್ನ ವೈರು ಹಿಡಿದು ನಿಂತಿದ್ದ.

"ಲೇ ಮೈಕ, ನನ್ನ ಹೆಸರು ನೀ ಹೇಳೂದು ಬ್ಯಾಡ. ಪೆಂಡಾಲ ಬಿತ್ತಂದ್ರ ಮಂದಿ ತಾವ ಕೇಳಕೊಂಡ ಬರ್ತಾರ, ಯಾರದಿದು ಅಂತ. ಬೀಳಲಿಲ್ಲಾ, ಯಾರಿಗೆ ಬೇಕ ಹೆಸರು?"

ಅವನು ನನ್ನನ್ನು ಹೆಸರಿಟ್ಟು ಕರೆದದ್ದೂ ನೆನಪಿಲ್ಲ. ಲೇ ಮೈಕ, ಅಷ್ಟೇ. ಬೆಟಗೇರಿಯಲ್ಲಿ ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಗೋಡೆ. ಅವನ ಹಿತ್ತಲಿನಲ್ಲಿ ಒಂದು ಬೇವಿನ ಗಿಡ, ಅದರ ಕೆಳಗೆ ಗಳಗಳ ರಾಶಿ, ಮಡಚಿಟ್ಟ ಪೆಂಡಾಲದ ಬಟ್ಟೆ, ಹಗ್ಗದ ಸುರುಳಿಗಳು, ಮತ್ತು ಒಂದು ಕರಿ ಆಡು. ಆಡಿನ ವಿಷಯ ಆಮೇಲೆ ಬರುತ್ತದೆ.

ಗದಗ ಹೊಸ ಜಿಲ್ಲೆಯಾದಾಗ ನಮ್ಮಿಬ್ಬರಿಗೂ ಉಸಿರಾಡಲು ಪುರುಸೊತ್ತಿರಲಿಲ್ಲ. ಬೆಳಗಾದರೆ ಒಂದು ಉದ್ಘಾಟನೆ, ಒಂದು ಶಂಕುಸ್ಥಾಪನೆ, ಒಂದು ಸನ್ಮಾನ. ಇವತ್ತು ಶಿರಹಟ್ಟಿ, ನಾಳೆ ಮುಂಡರಗಿ. ದೊಡ್ಡವರು ಹತ್ತಕ್ಕೆ ಬರುತ್ತೇವೆಂದು ಎರಡಕ್ಕೆ ಬರುವರು. ಅಲ್ಲಿಯವರೆಗೆ ಮಂದಿ ಚಾಚಾನ ನೆರಳಿನಲ್ಲಿ ಕೂತು ನನ್ನ ಹಾಡು ಕೇಳಬೇಕು. ಒಮ್ಮೆ ಒಬ್ಬ ಪುಢಾರಿ ತನ್ನ ಬ್ಯಾನರನ್ನು ಚಾಚಾನ ಹಗ್ಗಕ್ಕೆ ಕಟ್ಟಿಸಿದ. ಚಾಚಾ ಅದನ್ನು ಬಿಚ್ಚಿ, ಮಡಚಿ, ಆ ಪುಢಾರಿಯ ಕೈಗೇ ಕೊಟ್ಟ. "ಸಾಹೇಬ್ರ, ನಿಮ್ಮನ್ನ ಹೊರಾಕ ಊರತುಂಬ ಮಂದಿ ಅದಾರ. ನನ್ನ ಹಗ್ಗಕ್ಕ ಆ ಕೆಲಸ ಹಚ್ಚಬ್ಯಾಡ್ರಿ." ಆ ದಿನದ ಬಾಡಿಗೆ ಅವನಿಗೆ ಸಿಕ್ಕಿತೋ ಇಲ್ಲವೋ, ನಾನು ಕೇಳಲಿಲ್ಲ.

ಹಾಗಂತ ಸಾಧು ಮನುಷ್ಯ ಅಂದುಕೊಳ್ಳಬೇಡಿ. ಮಹಾ ಜಂಬದವನು. ಬೇರೆಯವರ ಪೆಂಡಾಲಕ್ಕೆ ಊಟಕ್ಕೆ ಕರೆದರೆ ಮೊದಲು ಎಲೆಯ ಕಡೆ ಹೋಗುತ್ತಿರಲಿಲ್ಲ, ಗೂಟದ ಕಡೆ ಹೋಗುತ್ತಿದ್ದ. ಬಗ್ಗಿ ಗಂಟು ನೋಡಿ, ಹುಣಸೆಕಾಯಿ ಕಚ್ಚಿದವರ ಹಾಗೆ ಮುಖ ಮಾಡಿ, ತಾಟು ಹಿಡಿದು ಹೊರಗೆ ಬಿಸಿಲಿನಲ್ಲಿ ಕೂತು ಉಣ್ಣುತ್ತಿದ್ದ. "ಈ ಗಂಟಿನ ಕೆಳಗ ನಾ ಕುಂಡ್ರಂಗಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ಬಡಿಸುವವರಿಗೆ ಸಿಟ್ಟು, ಕರೆದವರಿಗೆ ಅವಮಾನ, ನನಗೆ ನಾಚಿಕೆ. ಅವನಿಗೆ ಮಾತ್ರ ಬಿಸಿಬಿಸಿ ಊಟ.

ಗಂಟಿನ ಮಾತು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ. ಪೆಂಡಾಲದ ಬಟ್ಟೆಯ ಅಂಚಿನಿಂದ ಇಳಿದ ಹಗ್ಗವನ್ನು ನೆಲದ ಗೂಟಕ್ಕೆ ಕುಣಿಕೆ ಮಾಡಿ ಹಾಕುತ್ತಾರೆ. ಆ ಕುಣಿಕೆ ಉರುಲಿನ ಹಾಗೆ ಬಿಗಿದುಕೊಳ್ಳಬಾರದು, ತಾನಾಗಿ ಸಡಿಲೂ ಆಗಬಾರದು. ಆದರೆ ಬಿರುಗಾಳಿ ಬಂತೆಂದರೆ ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚಬೇಕು. ಗಾಳಿ ಬರುವ ಕಡೆಯ ಹಗ್ಗ ಬಿಟ್ಟರೆ ಬಟ್ಟೆ ಪಟಪಟ ಹಾರಾಡುತ್ತದೆ, ಅಷ್ಟೇ. ಬಿಡದಿದ್ದರೆ ಗಾಳಿ ಒಳಗೆ ತುಂಬಿಕೊಂಡು ಇಡೀ ಪೆಂಡಾಲವನ್ನು ಗಳದ ಸಮೇತ ಎತ್ತಿ ಮಂದಿಯ ಮೇಲೆ ಹಾಕುತ್ತದೆ. ಅದಕ್ಕೇ ಚಾಚಾ ಕೊನೆಯ ಸುತ್ತಿನಲ್ಲಿ ಹಗ್ಗದ ತುದಿಯನ್ನು ಪೂರ್ತಿ ದಾಟಿಸುತ್ತಿರಲಿಲ್ಲ. ಚಡ್ಡಿಯ ಲಾಡಿ ಕಟ್ಟುವಂತೆ ಮಡಚಿ ದಾಟಿಸುತ್ತಿದ್ದ. ಆ ಮಡಿಕೆಗೆ ಅವನು ಕಿವಿ ಅನ್ನುತ್ತಿದ್ದ, ಹೊರಗೆ ಉಳಿದ ತುದಿಗೆ ಬಾಲ. ಬಾಲ ಎಳೆದರೆ ಕಿವಿ ಒಳಗೆ ಜಾರಿ ಗಂಟೇ ಇಲ್ಲವಾಗುತ್ತಿತ್ತು.

ಇಂಥ ಗಂಟು ಹಾಕುವವರು ಬಹಳ ಮಂದಿ ಇದ್ದಾರೆ. ಹಾಕಿದ ಗಂಟನ್ನು ನಂಬದವನು ನಾನು ಕಂಡಂತೆ ಅವನೊಬ್ಬನೇ. ನಾನು ಒಮ್ಮೆ ಅವನ ಹಿತ್ತಲಿನಲ್ಲಿ ಒಂದು ಗಂಟನ್ನು ಎರಡು ಕೈಯಿಂದ ಜಗ್ಗಿ, "ಗಟ್ಟಿ ಐತಿ ಬಿಡ್ರಿ ಚಾಚಾ" ಅಂದೆ.

"ಜಗ್ಗಿದ್ರ ಎಂಥಾ ಕೆಟ್ಟ ಗಂಟೂ ಗಟ್ಟಿ ಅಕ್ಕೈತಿ," ಅಂದ. "ಬಿಟ್ಟು ನೋಡು. ಸಡ್ಲ ಬಿಟ್ಟು ಅಳ್ಳಾಡಸು. ಮತ್ತ ಜಗ್ಗು, ಮತ್ತ ಬಿಡು. ಗಾಳಿ ಅಂದ್ರ ಎತ್ತಲ್ಲಲೇ, ಒಂದ ಸವನ ಎಳ್ಯಾಕ. ಗಾಳಿ ಅಂದ್ರ ಆಡು."

ಆಡು ಸುಮ್ಮನೆ ಇದ್ದದ್ದಲ್ಲ. ಅದು ಅವನ ಪರೀಕ್ಷಕ. ಹೊಸ ಬಗೆಯ ಗಂಟು ಯಾವುದೇ ಇರಲಿ, ಮೊದಲು ಆಡಿನ ಕೊರಳಿಗೆ. ಕುಣಿಕೆ ಉರುಲಾದರೆ ಆಡು ಉಸಿರುಗಟ್ಟಿ ಅರಚುತ್ತದೆ, ಸಡಿಲಾದರೆ ಓಡಿಹೋಗುತ್ತದೆ. ಹಗಲೆಲ್ಲ ಅದು ಎಳೆಯುವುದು, ಬಿಡುವುದು, ಜಿಗಿಯುವುದು, ಗಿಡಕ್ಕೆ ತಿಕ್ಕುವುದು. ನಡುವೆ ಚಾಚಾ ಒಂದು ಚರಿಗೆ ನೀರು ತಂದು ಗಂಟಿನ ಮೇಲೆ ಸುರಿಯುತ್ತಿದ್ದ, ಒಣಗಿದ ಮೇಲೆ ಮತ್ತೆ ಸುರಿಯುತ್ತಿದ್ದ. ಸಂಜೆಯವರೆಗೆ ಗಂಟು ನಿಂತರೆ ಆಡು ಪಾಸು ಮಾಡಿತು ಅಂತ ಲೆಕ್ಕ. ಆಮೇಲೆ ಕೊನೆಯ ಪರೀಕ್ಷೆ ಚಾಚಿಯದು. ಒಳಗೆ ರೊಟ್ಟಿ ಬಡಿಯುತ್ತಿದ್ದ ಚಾಚಿಯನ್ನು ಹಾಗೇ ಹಿಟ್ಟಿನ ಕೈಯಲ್ಲಿ ಹೊರಗೆ ಕರೆದು, "ಎಳಿ" ಅನ್ನುತ್ತಿದ್ದ. ಹಿಟ್ಟು ಹತ್ತಿದ ಕೈ, ಅದೂ ಎಡಗೈ. ಒಂದೇ ಎಳೆತಕ್ಕೆ ಬಿಚ್ಚಿದರೆ ಮಾತ್ರ ಆ ಗಂಟು ಊರ ಮದುವೆಗೆ ಹೋಗುತ್ತಿತ್ತು. ಚಾಚಿ ರೊಟ್ಟಿ ಸೀದದ್ದಕ್ಕೆ ಬೈಯುತ್ತ ಒಳಗೆ ಹೋಗುತ್ತಿದ್ದಳು.

ನೈಲಾನ್ ಹಗ್ಗ ಹೊಸದಾಗಿ ತಂದ ಬೇಸಿಗೆಯಲ್ಲಿ ಹಳೆಯ ಗಂಟು ಕೈಕೊಟ್ಟಿತು. ನುಣುಪು ಹಗ್ಗ, ಸಡಿಲ ಬಿಟ್ಟರೆ ಕಿವಿ ತಾನೇ ಒಳಗೆ ಜಾರುತ್ತಿತ್ತು. ಆಡು ಬಿಚ್ಚಿಕೊಂಡು ಗೋಡೆ ಹಾರಿ ನಮ್ಮ ಮಾಳಿಗೆ ಹತ್ತಿ, ಅವ್ವ ಒಣಗಹಾಕಿದ್ದ ಸಂಡಿಗೆಯನ್ನು ಸ್ವಚ್ಛ ಮಾಡಿತು. ಅವ್ವ ಗೋಡೆಯ ಮೇಲಿಂದ ಬೈದ ಬೈಗುಳ ಓಣಿಗೆಲ್ಲ ಕೇಳಿತು. ಚಾಚಾ ಕೈಮುಗಿದು ಅಂದ, "ಅಕ್ಕಾರ, ಸಂಡಿಗಿ ಹೋದ್ವು ಖರೆ. ಮಂದಿ ತಲಿ ಉಳದ್ವು." ಒಂದು ಸುತ್ತು ಹೆಚ್ಚು ಹಾಕಿದರೆ ಸಡಿಲಾಗುವುದಿಲ್ಲ, ಆದರೆ ಒದ್ದೆಯಾದರೆ ಬಿಚ್ಚುವುದೂ ಇಲ್ಲ. ಆ ಸುತ್ತನ್ನು ಎಲ್ಲಿ ಹಾಕಬೇಕು ಅನ್ನುವುದು ತಿಳಿಯುವ ಹೊತ್ತಿಗೆ ಮಳೆಗಾಲ ಬಂದಿತ್ತು, ನಮ್ಮವ್ವ ಆ ವರ್ಷ ಸಂಡಿಗೆಯ ಆಸೆ ಬಿಟ್ಟಿದ್ದಳು.

ಅವನ ಮೇಲೆ ನನಗಿರುವ ಸಿಟ್ಟನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅವನು ಚಾಕು ಇಟ್ಟುಕೊಳ್ಳುತ್ತಿರಲಿಲ್ಲ. ಹಗ್ಗದ ಧಂದೆ ಮಾಡುವ ಮನುಷ್ಯ, ಸೊಂಟದಲ್ಲಿ ಒಂದು ಚಾಕು ಬೇಡವೇ? ಕೇಳಿದರೆ, "ಚಾಕು ಇಟಗೊಂಡಾಂವಗ ತನ್ನ ಗಂಟಿನ ಮ್ಯಾಲೆ ನಂಬಿಕಿ ಇಲ್ಲಂತ ಅರ್ಥ" ಅನ್ನುತ್ತಿದ್ದ. ಗಂಟನ್ನು ನಂಬಲಿಕ್ಕೆ ಆಡು ಬೇಕು, ಚಾಚಿಯ ಹಿಟ್ಟಿನ ಕೈ ಬೇಕು. ಮನುಷ್ಯರನ್ನು ನಂಬಲಿಕ್ಕೆ ಯಾವ ಪರೀಕ್ಷೆಯೂ ಬೇಡವಾಗಿತ್ತು ಈ ಜಂಬದ ಮುದುಕನಿಗೆ.

ಲಕ್ಷ್ಮೇಶ್ವರದ ಆ ಮದುವೆಗೆ ಬರುತ್ತೇನೆ. ಹೆಣ್ಣಿನವರು ಊರಿನವರು, ಗಂಡಿನವರು ಮುಂಡರಗಿ ಕಡೆಯವರು. ಹುಡುಗಿಗೆ ತಂದೆ ಇರಲಿಲ್ಲ, ಸೋದರಮಾವನೇ ನಿಂತು ಎಲ್ಲ ಮಾಡುತ್ತಿದ್ದ. ಆ ಸೋದರಮಾವನೇ ಈ ಸಾವಕಾರ. ಮನೆಯ ಪಕ್ಕದ ಬಯಲಿನಲ್ಲಿ ಚಾಚಾ ಪೆಂಡಾಲ ಹಾಕಿದ. ಅಡ್ಡಮಳೆಯ ದಿನಗಳು, ಬಿರುಗಾಳಿ ಯಾವಾಗ ಏಳುತ್ತದೋ ಹೇಳಲಾಗದು. ಅದಕ್ಕಾಗಿ ಮನೆಯವರನ್ನೆಲ್ಲ ಕರೆದು ಗೂಟಗಳನ್ನು ತೋರಿಸಿ, "ನೋಡ್ರಿ, ಗಾಳಿ ಬಂತಂದ್ರ ಈ ಬಾಲ ಹಿಡದು ಎಳೀರಿ. ಆತು, ಹಂದರ ಬಿಚ್ಚತೈತಿ" ಅಂದ.

ಹಂದರ ಬಿಚ್ಚುತ್ತದೆ ಅನ್ನುವ ಮಾತು ಸಾವಕಾರನ ಕಿವಿಗೆ ಚುಚ್ಚಿತು. ಮದುವೆಯ ಹಂದರದ ಗಂಟು ಒಂದು ಎಳೆತಕ್ಕೆ ಬಿಚ್ಚುವುದೆಂದರೇನು? ಅಪಶಕುನವಲ್ಲವೇ? ಅವನು ಚಾಚಾನಿಗೆ ಒಂದು ಮಾತು ಹೇಳಲಿಲ್ಲ. ಮರುದಿನ ಬೆಳಿಗ್ಗೆ ನಾನು ಹಾರ್ನು ಕಟ್ಟುತ್ತಿದ್ದಾಗ ಅವನು ಗೂಟದಿಂದ ಗೂಟಕ್ಕೆ ಬಗ್ಗಿ ಏನೋ ಮಾಡುತ್ತ ಹೋಗುವುದು ಕಂಡಿತು. ಕೈತುಂಬ ಅರಿಷಿಣ. ಹಂದರಕ್ಕೆ ಪೂಜೆ ಮಾಡುತ್ತಿದ್ದಾನೆ ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು. ಅವನು ಮಾಡುತ್ತಿದ್ದದ್ದು ಇಷ್ಟು: ಪ್ರತಿ ಗಂಟಿನ ಬಾಲವನ್ನು ಅದರ ಕಿವಿಯೊಳಗೆ ತೂರಿಸಿ, ಕಾಲು ಕೊಟ್ಟು ಬಿಗಿಯಾಗಿ ಜಗ್ಗುವುದು. ಹಾಗೆ ತೂರಿಸಿದರೆ ಮುಗಿಯಿತು. ಎಷ್ಟು ಎಳೆದರೂ ಕಿವಿ ಒಳಗೆ ಹೋಗುವುದಿಲ್ಲ. ಎಳೆದಷ್ಟೂ ಬಿಗಿಯುತ್ತದೆ.

ಅಕ್ಷತೆ ಬಿದ್ದು ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ಬಾಳೆಹೊಸೂರ ಕಡೆಯಿಂದ ಕೆಂಪು ಧೂಳಿನ ಗೋಡೆಯೇ ಎದ್ದು ಬಂತು. ಚಾಚಾ ದೂರದಿಂದ ಕೂಗಿದ, "ಲೇ ಮೈಕ, ಮಂದಿ ಎಬ್ಬಸು!" ನಾನು ಮೈಕಿನಲ್ಲಿ ಒದರಿದೆ. ಉಣ್ಣುವ ಮಂದಿ ಅಷ್ಟು ಬೇಗ ಏಳುತ್ತಾರೆಯೇ? ಹೋಳಿಗೆಯ ಎಲೆ ಬಿಟ್ಟು ಯಾರು ಏಳುತ್ತಾರೆ? ಚಾಚಾ ಗಾಳಿ ಬರುವ ಕಡೆಗೆ ಓಡಿ ಮೊದಲ ಗೂಟದ ಬಾಲ ಹಿಡಿದು ಎಳೆದ. ಬಿಚ್ಚಲಿಲ್ಲ. ಎರಡನೆಯದು, ಬಿಚ್ಚಲಿಲ್ಲ. ಮೂರನೆಯದರ ಮುಂದೆ ಮೊಣಕಾಲೂರಿ ಕೂತು ಗಂಟು ನೋಡಿದ. ಅವನ ಮುಖ ಆಗ ಹೇಗಿತ್ತು ಅನ್ನುವುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆದರಿಕೆಯಲ್ಲ, ಬೆರಗು. ಆಡು ಮಾತಾಡಿದ್ದರೂ ಅವನು ಅಷ್ಟು ಬೆರಗಾಗುತ್ತಿರಲಿಲ್ಲ.

ಚಾಕು ಇರಲಿಲ್ಲವಲ್ಲ. ಉಗುರಿನಿಂದ ಕಿತ್ತ, ಹಲ್ಲಿನಿಂದ ಕಿತ್ತ. ಒಂದು ಬಾಲ ಹೊರಗೆ ಬಂತು, ಒಂದು ಗಂಟು ಬಿಚ್ಚಿತು. ಅಷ್ಟರಲ್ಲಿ ಗಾಳಿ ಹೊಕ್ಕು ಪೆಂಡಾಲವನ್ನು ಎತ್ತಿತು. ಮುಂದಿನ ಗೂಟದಲ್ಲಿ ಅವನ ಬಲಗೈ ಹಗ್ಗಕ್ಕೂ ಗೂಟಕ್ಕೂ ನಡುವೆ ಸಿಕ್ಕಿತು. ಗಳಗಳು ಎದ್ದು ಬಿದ್ದವು. ದೇವರು ದೊಡ್ಡವನು, ಜೀವ ಹೋಗಲಿಲ್ಲ. ವರನ ತಂದೆಯ ಹೆಗಲ ಮೇಲೆ ಒಂದು ಗಳ ಬಿತ್ತು, ಎಲುಬು ಮುರಿಯಿತು. ಕೆಲವರಿಗೆ ತರಚು ಗಾಯ. ಚಾಚಾನ ಬಲಗೈ ಹೆಬ್ಬೆರಳು ಜಜ್ಜಿಹೋಯಿತು.

ಮಳೆ ಹನಿ ಬೀಳುತ್ತಿರುವಾಗಲೇ ಗಂಡಿನ ಕಡೆಯ ಒಬ್ಬ ಹೆಂಗಸು ಅಂಗಳದ ನಡುವೆ ನಿಂತು ಅಂದಳು, "ಹುಡುಗಿ ಕಾಲ್ಗುಣ ನೋಡ್ರಿ! ಮನಿ ತುಂಬೂದಕ್ಕ ಮೊದ್ಲ ಮಾವನ ಎಲಬ ಮುರೀತು!" ಇನ್ನೊಬ್ಬಳು ಹೌದೆಂದಳು. ಗಂಡಸರು ತಲೆ ಅಲ್ಲಾಡಿಸತೊಡಗಿದರು. ಯಾರೋ ಗಾಡಿ ಹಚ್ಚಿರಿ, ಹೊರಡೋಣ, ಹುಡುಗಿಯ ಮಾತು ಆಮೇಲೆ ನೋಡೋಣ ಎಂದೂ ಅಂದರು. ಬಾಸಿಂಗ ಕಟ್ಟಿಕೊಂಡ ಆ ಕೂಸು ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿತ್ತು. ಕೊರಳಿಗೆ ತಾಳಿ ಬಿದ್ದು ಇನ್ನೂ ಒಂದು ತಾಸಾಗಿರಲಿಲ್ಲ.

ಚಾಚಾ ಕೈಗೆ ಟವೆಲು ಸುತ್ತಿಕೊಂಡು ನಡುವೆ ಬಂದ. ಟವೆಲು ಕೆಂಪಾಗಿತ್ತು.

"ಹುಡುಗಿ ಕಾಲ್ಗುಣ ಅಲ್ರೀ ಯಮ್ಮಾ, ನನ್ನ ಕೈಗುಣ. ನನ್ನ ಗಂಟು ಕೆಟ್ಟಿತ್ತು, ಬಿಚ್ಚಲಿಲ್ಲ. ಬೈಯೂದಿದ್ರ ನನ್ನ ಬೈರಿ. ಆ ಕೂಸಿಗೆ ಒಂದ ಮಾತ ಅನಬ್ಯಾಡ್ರಿ."

ಬೈದರು. ಏನೇನು ಬೈದರು ಅನ್ನುವುದನ್ನು ಬರೆಯುವುದಿಲ್ಲ. ಜಾತಿ ಹಿಡಿದು ಬೈದರು, ಹೊಟ್ಟೆಪಾಡು ಹಿಡಿದು ಬೈದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಅದನ್ನು ಆ ದಿನ ಕಣ್ಣಾರೆ ಕಂಡೆ. ಸಾವಕಾರ ಚಾಚಾನಿಂದ ಎರಡು ಮಾರು ದೂರದಲ್ಲಿ ನಿಂತಿದ್ದ. ಅವನ ಬೆರಳುಗಳು ಇನ್ನೂ ಹಳದಿಯಾಗಿದ್ದವು. ಬಾಯಿ ಬಿಡಲಿಲ್ಲ. ಬೈದು ಬೈದು ದಣಿದ ಮೇಲೆ ಗಂಡಿನವರು ಹುಡುಗಿಯನ್ನು ಕರೆದುಕೊಂಡು ಹೋದರು.

ದವಾಖಾನೆಗೆ ಹೋಗುವಾಗ ನಾನು ಗಾಡಿಯಲ್ಲಿ ಕೂಗಾಡಿದೆ. "ಬಾಲ ಕಿವಿಯಾಗ ತೂರಿಸಿದ್ರು. ಗಂಟಿನ ಮ್ಯಾಲೆಲ್ಲಾ ಅರಿಷಿಣ ಹತ್ತಿತ್ತು. ಹುಡುಗಿ ಸೋದರಮಾವನ ಮಾಡ್ಯಾನ. ನೋಡಿದ್ರೋ ಇಲ್ಲೋ ಚಾಚಾ?"

"ನೋಡಿದ್ನಿ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಏನ ಅಕ್ಕಿತ್ತು? ಹೆಣ್ಣಿನವರ ಬೇಕಂತ ಮಾಡ್ಯಾರ ಅಂತಿದ್ರು. ಹುಡುಗಿನ್ನ ಅಲ್ಲೇ ಬಿಟ್ಟು ಹೊಕ್ಕಿದ್ರು. ನನಗ ಬೈದ್ರ ನಾನು ನಾಳೆ ಮತ್ತೊಂದ ಪೆಂಡಾಲ ಹಾಕ್ತೀನಿ. ಆ ಕೂಸಿಗೆ ಮತ್ತೊಂದ ಮದುವಿ ಮಾಡವ್ರು ಯಾರದಾರಲೇ?" ಆಮೇಲೆ ಕಣ್ಣು ಮುಚ್ಚಿ ಸೀಟಿಗೆ ಒರಗಿ, "ನೀ ಮೈಕ್ ಬಂದ್ ಮಾಡು" ಅಂದ.

ಬಂದ್ ಮಾಡಿದೆ. ಊರಿಗೆಲ್ಲ ಕೇಳುವ ದನಿ ನನ್ನದು, ಈ ಒಂದು ಮಾತನ್ನು ಇಷ್ಟು ವರ್ಷ ಗಂಟಲಲ್ಲಿಟ್ಟುಕೊಂಡು ತಿರುಗಿದೆ. ಚಾಚಾ ಮಾತ್ರ ಮತ್ತೊಂದು ಪೆಂಡಾಲ ಹಾಕಲಿಲ್ಲ. ಜಜ್ಜಿದ ಹೆಬ್ಬೆರಳನ್ನು ದವಾಖಾನೆಯಲ್ಲಿ ತೆಗೆದುಹಾಕಿದ್ದರು, ಹೆಬ್ಬೆರಳಿಲ್ಲದೆ ಕಿವಿ ಮಾಡಲು ಬರುವುದಿಲ್ಲ. ಮುಂಡರಗಿ ಕಡೆಯ ಬಾಡಿಗೆ ನಿಂತಿತು, ಶಿರಹಟ್ಟಿಯದೂ ನಿಂತಿತು. ಊರೂರಿಗೆ ಮಾತು ಹಬ್ಬಿತು. ಗಟ್ಟಿಯಿಲ್ಲದ ಕೆಲಸಕ್ಕೆ 'ಚಾಚಾನ ಗಂಟು' ಅನ್ನತೊಡಗಿದರು. ಒಮ್ಮೆ ನನ್ನ ಎದುರಿಗೇ ಯಾರೋ ಹಾಗಂದಾಗ ಅವನ ಕಾಲರ್ ಹಿಡಿದೆ. ಚಾಚಾ ಬಂದು ಬಿಡಿಸಿದ. ಅವನಿಗೂ ಸಿಟ್ಟು ಬರಬಾರದೇ? ಒಂದು ಸಲವಾದರೂ? ಹಿತ್ತಲಿನಲ್ಲಿ ಆಡನ್ನು ಕಟ್ಟಿ, ಎಡಗೈಯಲ್ಲಿ ಗಂಟು ಹಾಕುವುದನ್ನು ಕಲಿಯಲು ಹೋಗುತ್ತಿದ್ದ. ಆಡು ಪ್ರತಿಸಲ ಬಿಚ್ಚಿಕೊಂಡು ಬರುತ್ತಿತ್ತು. ಪಾಸು ಮಾಡಲೇ ಇಲ್ಲ.

ಅವನು ತೀರಿದ ಮೇಲೆ ಆ ಹುಡುಗಿ ಚಾಚಿಯನ್ನು ಮಾತಾಡಿಸಲು ಬಂದಿದ್ದಳು. ಎರಡು ಮಕ್ಕಳ ತಾಯಿ, ಸುಖವಾಗಿದ್ದಾಳೆ. ಚಾಚಿಯ ಕೈ ಹಿಡಿದು, "ಪಾಪ, ಅವ್ರು ನಮ್ಮ ಮದುವ್ಯಾಗ ಗಂಟು ತಪ್ಪಿ ಹಾಕಿದ್ರು. ನಾವ್ಯಾರೂ ಮನಸಿನ್ಯಾಗ ಇಟಗೊಂಡಿಲ್ರಿ" ಅಂದಳು. ಕ್ಷಮಿಸಲು ಬಂದಿದ್ದಳು! ನಾನು ಬಾಯಿ ತೆರೆದೆ. ಚಾಚಿ ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ. ಅವಳು ಹೋದ ಮೇಲೆ ಚಾಚಿ ಅಂದಳು, "ತಮ್ಮಾ, ಯಾರ ಮುಂದ ಬೇಕಾರ ಹೇಳು ಇನ್ನ. ಹೆಸರ ತಗೀಬ್ಯಾಡ, ಅಷ್ಟ." ಈ ಬರಹದಲ್ಲಿ ಹೆಸರಿಲ್ಲದ್ದಕ್ಕೆ ಅದೂ ಕಾರಣ.

ಈಗ ಲಕ್ಷ್ಮೇಶ್ವರದ ಅಂಗಡಿಗೆ ಹಿಂದಿರುಗುತ್ತೇನೆ. "ಗಂಟ ಹಾಕಾಕ ಒಂದ ಬರ್ತಿದ್ದಿಲ್ಲ" ಅಂದನಲ್ಲ, ನನ್ನ ಮೈ ಉರಿದುಹೋಯಿತು. ಅಂಗಡಿಯ ಬಾಗಿಲಲ್ಲಿ ಹಗ್ಗದ ಸುರುಳಿಗಳು ತೂಗುತ್ತಿದ್ದವು. ಎರಡು ಮಾರು ನೈಲಾನ್ ಕೊಡಿ ಅಂದೆ. ಕೊಟ್ಟ. ಅವನ ಅಂಗಡಿಯ ಮುಂದಿನ ಕಂಬಕ್ಕೆ ಚಾಚಾ ಹಾಕುತ್ತಿದ್ದ ಗಂಟು ಹಾಕಿದೆ. ನನಗೂ ಬರುತ್ತದೆ, ಗೋಡೆಯಾಚೆಯಿಂದ ನೋಡಿ ನೋಡಿ ಕಲಿತದ್ದು.

"ಎಳೀರಿ ಸಾವಕಾರ್ರ."

ಗಾದಿಯಿಂದಲೇ ಬಗ್ಗಿ, ನಗುತ್ತ ಎಳೆದ. ಬಿಚ್ಚಿತು. ಮತ್ತೆ ಹಾಕಿದೆ.

"ಈಗ ಆವತ್ತು ಮುಂಜಾನೆ ಅರಿಷಿಣದ ಕೈಲೆ ಏನ ಮಾಡಿದ್ರಲ್ಲ, ಅದನ್ನ ಮಾಡ್ರಿ."

ಅಡಕತ್ತರಿ ಕೆಳಗಿಟ್ಟ. ಹಗ್ಗ ಮುಟ್ಟಲಿಲ್ಲ. ನಾನೇ ಬಾಲವನ್ನು ಕಿವಿಯೊಳಗೆ ತೂರಿಸಿ, ಕಾಲು ಕೊಟ್ಟು ಜಗ್ಗಿದೆ. ಆಮೇಲೆ ಬಾಲ ಹಿಡಿದು ಎಳೆದು ತೋರಿಸಿದೆ. ಅಲುಗಲಿಲ್ಲ.

ಸಾವಕಾರನ ದನಿ ಸಣ್ಣಗಾಯಿತು. "ಶುಭಕಾರ್ಯದಾಗ ಬಿಚ್ಚೂ ಗಂಟ ಇರಬಾರ್ದು ಅಂತ... ಕೂಸಿನ ಛಲೋದಕ್ಕ ಮಾಡಿದ್ನೋ ತಮ್ಮಾ."

"ಹೌದ್ರಿ. ನೀವು ಕೂಸಿನ ಛಲೋದಕ್ಕ ಗಂಟ ಬಿಗದ್ರಿ. ಚಾಚಾನೂ ಕೂಸಿನ ಛಲೋದಕ್ಕ ಸುಮ್ನಾದ. ನೀವು ಯಾರ ಛಲೋದಕ್ಕ ಸುಮ್ನಾದ್ರಿ?"

ಹಗ್ಗದ ರೊಕ್ಕವನ್ನು ಗಾದಿಯ ಮೇಲಿಟ್ಟು, ಗಂಟನ್ನು ಕಂಬದಲ್ಲೇ ಬಿಟ್ಟು ಬಂದೆ.

ಮೊನ್ನೆ ಒಂದು ಕಾರ್ಯಕ್ಕೆ ಮೈಕು ತೆಗೆದುಕೊಂಡು ಆ ಬಜಾರದಲ್ಲೇ ಹಾದುಹೋದೆ. ಹಗ್ಗ ಕಂಬದಲ್ಲೇ ಇದೆ, ಧೂಳು ಹಿಡಿದಿದೆ. ಗಿರಾಕಿಗಳಿಗೆ ಅದು ಒಂದು ತುಂಡು ಹಗ್ಗ. ಬಾಲವನ್ನು ಕಿವಿಯಿಂದ ಹೊರಗೆ ತೆಗೆದು ಒಂದು ಸಲ ಎಳೆದರೆ ಸಾಕು, ಬಿಚ್ಚಿಹೋಗುತ್ತದೆ. ಅದು ಅವನಿಗೂ ಗೊತ್ತಿದೆ. ದಿನವೂ ಅದರ ಎದುರಿಗೇ ಕೂತು ಅಡಕೆ ಕತ್ತರಿಸುತ್ತಾನೆ, ಇನ್ನೂ ಬಿಚ್ಚಿಲ್ಲ.